ಶನಿವಾರದ ಗುರುತು

"ಭಾವ, ಬೆಳಗ್ಗೆಯಿಂದ ಇಷ್ಟೊಂದು ಹಬೆ ತಗೊಂಡಿದೀವಿ. ಗಾಜಲ್ಲಿ ನೀರು ಒಂದು ಚೂರೂ ಇಳಿದಿಲ್ವಲ್ಲ?"

ಲಾಂಡ್ರಿಯ ಬಾಯ್ಲರ್ ಕೋಣೆಯ ಬಾಗಿಲಲ್ಲಿ ನಿಂತು ನಾದಿನಿ ಕೇಳಿದಳು. ಪಕ್ಕದ ಕೋಣೆಯಲ್ಲಿ ಆಸ್ಪತ್ರೆಯ ಹಾಸುಗಳಿಗೆ ಇಸ್ತ್ರಿ ಹಾಕುವುದು ಅವಳ ಕೆಲಸ. ಬಾಯ್ಲರ್ ನೋಡಿಕೊಳ್ಳುವ ಭಾವ ಸ್ಟೂಲಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ಬಾಯ್ಲರಿನ ಮೈಗೆ ಅಂಟಿದ್ದ ಗೇಣುದ್ದದ ಗಾಜಿನ ಕೊಳವೆಯಲ್ಲಿ ನೀರು ಸರಿಯಾಗಿ ಅರ್ಧಕ್ಕೆ ನಿಂತಿತ್ತು. ಒಳಗೆ ಎಷ್ಟು ನೀರಿದೆಯೆಂದು ಹೊರಗಿನವರಿಗೆ ಹೇಳುವುದು ಆ ಗಾಜೊಂದೇ.

"ಇಳಿದಿಲ್ಲ ಅಂದ್ರೆ ಒಳ್ಳೇದೇ ಅಲ್ವಾ ಪಂಡಿತಮ್ಮ? ಪಂಪು ಹಾಕೋ ಕೆಲಸ ಉಳೀತು."

"ನಲ್ಲಿ ಬಿಟ್ಟು ಗಾಜು ತೊಳೆದು ನೋಡಿದ್ರಾ?"

"ಮೂವತ್ತೊಂದು ವರ್ಷದಿಂದ ಇದರ ಉಸಿರು ಕೇಳ್ತಿದೀನಿ. ನೀನು ನಿನ್ನೆ ಮೊನ್ನೆ ಪುಸ್ತಕ ಹಿಡಿದವಳು."

ಪುಸ್ತಕ ಹಿಡಿದದ್ದು ನಿಜ. ಬಾಯ್ಲರ್ ಕೆಲಸದವರಿಗೆಂದು ಕೊಟ್ಟಿದ್ದ ಕೈಪಿಡಿ ವರ್ಷಗಟ್ಟಲೆ ಅವನ ಚಹಾ ಪಾತ್ರೆಯ ಅಡಿಯಲ್ಲೇ ಇತ್ತು. ಬಾಯ್ಲರ್ ಕೆಲಸದ ಪರೀಕ್ಷೆಗೆ ಕೂರುತ್ತೇನೆಂದು ಐವತ್ತೆರಡನೆಯ ವಯಸ್ಸಿನಲ್ಲಿ ಅವಳು ಅದನ್ನು ಮನೆಗೆ ಒಯ್ದಿದ್ದಳು. ಈ ವಯಸ್ಸಲ್ಲಿ ನಿನಗ್ಯಾಕೆ ಎಂದು ಕೇಳಿದರೆ, "ಈ ಗೋಡೆ ಆಚೆ ದಿನಾ ನಿಲ್ಲೋಳು ನಾನಲ್ವಾ" ಎನ್ನುತ್ತಿದ್ದಳು. ಅವನಿಗೆ ಮಾತ್ರ ಹದಿನಾಲ್ಕು ತಿಂಗಳಿಂದ ಯಾವುದೂ ಬೇಡವಾಗಿತ್ತು. ಹೆಂಡತಿ ತೀರಿಕೊಂಡ ಮೇಲೆ ಬೆಳಗ್ಗೆ ಬಂದು ಬಾಯ್ಲರಿಗೆ ಕೈ ಮುಗಿಯುತ್ತಿದ್ದ, ಬೆಂಕಿ ಹೊತ್ತಿಸುತ್ತಿದ್ದ, ಸುಮ್ಮನೆ ಕುಳಿತುಬಿಡುತ್ತಿದ್ದ.

"ಬಾ, ನೋಡಿ ಸಮಾಧಾನ ಮಾಡ್ಕೋ" ಎಂದು ಎದ್ದ. ಗಾಜಿನ ಕೆಳಗಿನ ನಲ್ಲಿ ತಿರುಗಲಿಲ್ಲ. ತುಕ್ಕು ಹಿಡಿದಿತ್ತು.

"ದಿನಾ ತಿರುಗಿಸೋ ನಲ್ಲಿ ಹೀಗೆ ಬಿಗಿಯುತ್ತಾ ಭಾವ?"

ಅವನು ಸ್ಪ್ಯಾನರ್ ಹಾಕಿ ತಿರುಗಿಸಿದ. ಗಾಜಿನಲ್ಲಿದ್ದ ನೀರು ಹಬೆಯೊಂದಿಗೆ ಸುಯ್ಯೆಂದು ಹೊರಬಿತ್ತು. ನಲ್ಲಿ ಮುಚ್ಚಿದ. ಒಳಗೆ ನೀರಿದ್ದರೆ ಅದು ಮತ್ತೆ ಗಾಜಿಗೆ ಏರಬೇಕು. ಏರಲಿಲ್ಲ. ಇಬ್ಬರೂ ನೋಡುತ್ತ ನಿಂತರು. ಗಾಜು ಖಾಲಿಯಾಗಿಯೇ ಉಳಿಯಿತು. ಒಳಗೆ ಬೆಂಕಿ ಮೊರೆಯುತ್ತಿತ್ತು. ಗೋಡೆಯ ಆಚೆ ಹನ್ನೊಂದು ಮಂದಿ ಹೆಂಗಸರಲ್ಲಿ ಒಬ್ಬಳು ಏನೋ ಅಂದಳು, ಉಳಿದವರು ಗೊಳ್ಳೆಂದು ನಕ್ಕರು.

ಅವನ ಕೈ ತಾನಾಗಿಯೇ ಪಂಪಿನ ಗುಂಡಿಯ ಕಡೆ ಹೋಯಿತು. ನೀರಿಲ್ಲವೆಂದರೆ ನೀರು ಬಿಡಬೇಕು. ಮೂವತ್ತೊಂದು ವರ್ಷದಲ್ಲಿ ಆ ಕೈ ಕಲಿತದ್ದು ಅಷ್ಟೇ.

"ಬೇಡ ಭಾವ!" ಅವಳು ಎರಡೂ ಕೈಗಳಿಂದ ಅವನ ಮುಂಗೈ ಹಿಡಿದು ಎಳೆದಳು. "ಒಳಗೆ ಕೊಳವೆ ಕಾದು ಕೆಂಪಗಾಗಿದ್ರೆ? ತಣ್ಣೀರು ಬಿದ್ರೆ ಸಿಡಿದು ಹೋಗುತ್ತೆ. ಬೆಂಕಿ ಆರಿಸಿ. ಮೊದಲು ಬೆಂಕಿ!"

"ನಿಜವಾಗ್ಲೂನಾ?" ಅವನ ದನಿ ದಾರಿ ತಪ್ಪಿದ ಮಗುವಿನಂತಿತ್ತು.

"ಪುಸ್ತಕದಲ್ಲಿ ಕೆಂಪಕ್ಷರದಲ್ಲಿ ಬರೆದಿದೆ. ಆರಿಸಿ ಅಂದ್ರೆ!"

ಅವನು ಎಣ್ಣೆ ಬರುವ ದಾರಿ ಮುಚ್ಚಿದ. ಮೊರೆತ ನಿಂತಿತು. ಅವಳು ಆಚೆಗೆ ಓಡಿದಳು. "ಎಲ್ಲಾರೂ ಅಂಗಳಕ್ಕೆ ನಡೀರಿ! ಇಸ್ತ್ರಿ ಹಾಳಾಗ್ಲಿ, ಬಿಡ್ರೇ! ನಗೋದು ಆಮೇಲೆ!" ಅವನು ಮಾತ್ರ ನಿಂತಲ್ಲಿಂದ ಕದಲಲಾರದೆ ಹೋದ. ಕಬ್ಬಿಣ ಟಿಕ್ ಟಿಕ್ ಎಂದು ಸದ್ದು ಮಾಡತೊಡಗಿತು. ದೇವರನ್ನು ಕರೆಯಬೇಕೆಂದುಕೊಂಡ. ದಿನಾ ಕೈ ಮುಗಿಯುತ್ತಿದ್ದವನಿಗೆ ಆಗ ಒಂದು ಹೆಸರೂ ನೆನಪಾಗಲಿಲ್ಲ. ಅವಳೇ ಮರಳಿ ಬಂದು ತೋಳು ಹಿಡಿದು ಹೊರಗೆ ಎಳೆದೊಯ್ದಳು.

ಮರುದಿನ, ಬುಧವಾರ, ಇಂಜಿನಿಯರು ಬಂದು ಬಾಯ್ಲರ್ ತೆರೆಸಿದರು. ಮೇಲಿನ ಎರಡು ಸಾಲು ಕೊಳವೆಗಳು ನೀರಿಲ್ಲದೆ ಸುಟ್ಟು ನೀಲಿಯಾಗಿದ್ದವು. ಗಾಜಿಗೆ ನೀರು ಬರುವ ದಾರಿಯಲ್ಲಿ ಅಂಗಿಯ ಗುಂಡಿಯಷ್ಟು ಸುಣ್ಣದ ಹೆಕ್ಕಳೆ ಕೂತಿತ್ತು. ಹಿಂದಿನ ದಿನ ಗಾಜಿನಲ್ಲಿ ಅಲುಗದೆ ನಿಂತದ್ದು ಬೆಳಗ್ಗೆಯೇ ಸಿಕ್ಕಿಕೊಂಡ ನೀರು.

"ಪಂಪು ಹಾಕಿದ್ದಿದ್ರೆ ಇವತ್ತು ನಾನಿಲ್ಲಿ ಬಿದ್ದ ಗೋಡೆ ಇಟ್ಟಿಗೆ ಹೆಕ್ತಿದ್ದೆ" ಎಂದರು ಇಂಜಿನಿಯರು. "ದಿನದ ತಪಾಸಣೆ ಬರೆಯೋ ಪುಸ್ತಕ ತೆಗೆದಿಡಿ. ಕೈ ತೊಳ್ಕೊಂಡು ಬರ್ತೀನಿ."

ಅವನು ಕಪಾಟಿನಿಂದ ಪುಸ್ತಕ ತೆಗೆದು ಎದೆಗೆ ಒತ್ತಿ ಹಿಡಿದುಕೊಂಡ. "ದೇವರು ಕಾಪಾಡಿದ" ಎಂದ.

"ಕಾಪಾಡಿದ, ಇಲ್ಲ ಅನ್ನಲ್ಲ. ಹಾಗಂತ ದಿನಾ ಅವನೇ ಬಂದು ನಲ್ಲಿ ತಿರುಗಿಸಬೇಕಾ ಭಾವ?"

"ನಿಮ್ಮಕ್ಕ ಹೋದ ಮೇಲೆ ನನಗೆ ಯಾವುದರಲ್ಲೂ..."

"ಅಕ್ಕನ ಮೇಲೆ ಹಾಕಬೇಡಿ. ಅವಳನ್ನ ಕಳ್ಕೊಂಡೋಳು ನಾನೂ ಅಲ್ವಾ?"

ಅವನು ತಲೆ ತಗ್ಗಿಸಿದ. ಪುಸ್ತಕ ತೆರೆದ. 'ಗಾಜು ತೊಳೆದು ನೋಡಿದೆ' ಎಂಬ ಸಾಲಿನ ಮೇಲೆ ಅವನ ಹೆಬ್ಬೆರಳಿತ್ತು. ಅವಳು ಅದನ್ನು ಮೆಲ್ಲಗೆ ಸರಿಸಿದಳು. ಸೋಮವಾರ ಸರಿ, ಮಂಗಳವಾರ ಸರಿ, ಬುಧವಾರ ಸರಿ. ಅಲ್ಲಿಗೇ ನಿಂತಿರಲಿಲ್ಲ. ಇನ್ನೂ ಬಾರದ ಗುರುವಾರ, ಶುಕ್ರವಾರ, ಶನಿವಾರದ ಚೌಕದಲ್ಲೂ ಅದೇ ಶಾಯಿಯಲ್ಲಿ ಸರಿ ಗುರುತು ಬಿದ್ದಿತ್ತು. ಕೆಳಗೆ ಅವನ ಸಹಿ.

ಅವಳು ಹೆದರಿ ಎರಡು ಹೆಜ್ಜೆ ಹಿಂದೆ ಸರಿದಳು. ಹೊರಗೆ ಇಂಜಿನಿಯರು ನಲ್ಲಿ ನಿಲ್ಲಿಸಿದ ಸದ್ದಾಯಿತು. ಒಂದು ಹಾಳೆ ಹರಿದು ಮಡಚಿ ಜೇಬಿಗೆ ಹಾಕಿಕೊಳ್ಳುವಷ್ಟು ಸಮಯವಿತ್ತು. ಅವನು ಪುಸ್ತಕವನ್ನು ಪೂರ್ತಿ ಬಿಡಿಸಿ ಮೇಜಿನ ಮೇಲಿಟ್ಟ, ಶನಿವಾರ ಕಾಣುವ ಹಾಗೆ.