ಹೇಳ್ಕೊಡಿ
ಹೊಸ ಭಾಷೆ ಕಲಿಯುವವರ ತರಗತಿಯಲ್ಲಿ ಮಾತಿನ ಕೊನೆಯ ಪರೀಕ್ಷೆ ನಡೆಯುತ್ತಿದ್ದಾಗ ಒಂದು ಮಗು ಕಿಟಾರನೆ ಕಿರುಚಿಕೊಂಡಿತು. ಅದರ ತಾಯಿ, ಹೊಲಿಗೆ ಕೆಲಸದವಳು, ಸಂಕೋಚದಿಂದ ಎದ್ದು ನಿಂತಳು. ಕಲಿಯುವವರ ಮಾತನ್ನು ದಾಖಲಿಸಲು ಬಂದಿದ್ದ ಸಂಶೋಧಕಿ ಮೂರು ತಿಂಗಳಿಂದ ರೆಕಾರ್ಡರ್ ಹಿಡಿದು ಕಾದಿದ್ದರೂ ಈ ತಾಯಿಯ ಬಾಯಿಂದ ಹೌದು, ಇಲ್ಲ ಬಿಟ್ಟು ಬೇರೆ ಮಾತು ಹೊರಟಿರಲಿಲ್ಲ.

ದಾಖಲೆ ಹೋದರೆ ಹೋಗಲಿ ಎಂದುಕೊಂಡ ಸಂಶೋಧಕಿ ರೆಕಾರ್ಡರ್ ಆಫ್ ಮಾಡಿ, "ಇರ್ಲಿ, ಕೊಡಿ ಇಲ್ಲಿ," ಎಂದು ಮಗುವನ್ನು ಎತ್ತಿಕೊಂಡಳು. ಆ ತಾಯಿಯ ಭಾಷೆಯಲ್ಲಿ ತಾನು ಕೇಳಿ ಕಲಿತಿದ್ದ ಒಂದೇ ಮುದ್ದುಮಾತನ್ನು ಹೇಳುತ್ತಾ ಬೆನ್ನು ತಟ್ಟಿದಳು. ಮಗು ಇನ್ನಷ್ಟು ಅತ್ತಿತು.

ತಾಯಿ ಕಿಸಕ್ಕನೆ ನಕ್ಕಳು. ಆಮೇಲೆ ಹೊಸ ಭಾಷೆಯಲ್ಲೇ, ತಡವರಿಸದೆ ಹೇಳಿದಳು: "ಅಯ್ಯೋ ಮೇಡಂ, ನೀವು 'ಮಲಗು' ಅಂತಿಲ್ಲ, 'ಬೀಳು' ಅಂತಿದೀರ. ಅದಕ್ಕೇ ಪಾಪ, ಮಗು ಹೆದರ್ಕೊಂಡಿದೆ."

ಸಂಶೋಧಕಿ ಮಗುವನ್ನು ಎತ್ತಿಕೊಂಡೇ ಬೆಂಚಿನ ಮೇಲೆ ಕುಳಿತು, "ಹೇಗೆ ಅನ್ಬೇಕು, ಹೇಳ್ಕೊಡಿ," ಎಂದಳು.