ವಾಪಸು ಬಂದ ಅರ್ಜಿ

ಉಪಗ್ರಂಥಪಾಲಕರ ಹುದ್ದೆಗೆ ಹುಲಿಗೆಮ್ಮ ಹಾಕಿದ್ದ ಅರ್ಜಿ ವಾಪಸು ಬಂತು. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅವಳು ಹತ್ತೊಂಬತ್ತು ವರ್ಷ ಸವೆಸಿದ್ದಳು. ಅವಳೇ ಕ್ಯಾಟಲಾಗ್ ಕಲಿಸಿದ, ಸಂದರ್ಶನದಲ್ಲಿ ಅವಳೂ ಕೂತು ಆರಿಸಿದ ಕಿರಿಯರಿಬ್ಬರು ಆಗಲೇ ಮೇಲೇರಿದ್ದರು. ಅರ್ಜಿ ಹಿಡಿದುಕೊಂಡು ನೇರ ಕುಲಸಚಿವರ ಕೋಣೆಗೆ ಹೋದಳು.

"ನನ್ನ ಓದು ಸಾಲಲಿಲ್ವಾ ಸರ್?"

"ನಿಮ್ಮಷ್ಟು ಓದಿದವರು ಇಲ್ಲಿ ಯಾರಿದ್ದಾರೆ? ಕೂತ್ಕೊಳ್ಳಿ ಮೇಡಂ."

"ಹಾಗಾದರೆ ಜಾತಿ ಅಡ್ಡ ಬಂತಾ?"

"ಛೆ, ಎಂಥ ಮಾತು. ದಲಿತರಿಗೆ ಅನ್ಯಾಯ ಆಗಬಾರದು ಅಂತಲೇ ಆಯ್ಕೆ ಸಮಿತಿಯಲ್ಲಿ ನಿಮ್ಮವರೊಬ್ಬರು ಇರಬೇಕು ಅನ್ನೋ ನಿಯಮ ಮಾಡಿದ್ದೀವಿ."

ಕುಲಸಚಿವರು ಟೀ ಲೋಟವನ್ನು ಅವಳತ್ತ ಸರಿಸಿದರು.

"ಇಡೀ ವಿಶ್ವವಿದ್ಯಾಲಯದಲ್ಲಿ ಅಧಿಕಾರಿ ಅಂತ ಇರೋ ದಲಿತರು ನೀವೊಬ್ಬರೇ. ನೀವೇ ಅರ್ಜಿ ಹಾಕಿಬಿಟ್ಟರೆ ಸಮಿತಿಯಲ್ಲಿ ಯಾರನ್ನು ಕೂರಿಸಲಿ?"