ಸೂತಕವಿಲ್ಲದವನು

ಬೆಳಿಗ್ಗೆ ಹನ್ನೊಂದಕ್ಕೆ ನಟರಾಜುವಿನ ಹೆಣವನ್ನು ಪಿರಿಯಾಪಟ್ಟಣದ ಆಸ್ಪತ್ರೆಯಿಂದ ತಂದು ಜಗಲಿಯ ಮೇಲೆ ಮಲಗಿಸಿದರು. ಹಿತ್ತಲಲ್ಲಿ ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗೆ ಸೊಪ್ಪು ಏರಿಸಿ ಅದು ಮೂರನೆಯ ದಿನ. ಸೊಪ್ಪು ಆಗಷ್ಟೇ ಹಳದಿಗೆ ತಿರುಗಿತ್ತು. ಈಗ ಬ್ಯಾರನ್ನಿನ ಒಲೆ ಆರಿದರೆ ವರ್ಷದ ಬೆಳೆಯೆಲ್ಲ ಕಪ್ಪಾಗುತ್ತದೆ.

“ಸೂತಕದೋರು ಯಾರೂ ಒಲೆ ಮುಟ್ಟಂಗಿಲ್ಲ,” ಎಂದರು ನಟರಾಜುವಿನ ಅಣ್ಣ ಬಸವರಾಜು. ದಾಯಾದಿಗಳೆಲ್ಲ ತಲೆ ತಗ್ಗಿಸಿದರು, ಅವರಿಗೂ ಸೂತಕವೇ. ಗಂಡನ ಕಾಲ ಬಳಿ ಕೂತಿದ್ದ ಮೀನಾ, “ಆರೋಗ್ಲಿ ಬುಡಿ. ಇನ್ಯಾರಿಗೋಸ್ಕರ?” ಎಂದಳು. ಒಳಗೆ ಮಗು ಅಳುತ್ತಿರುವುದು ಅವಳಿಗೆ ಕೇಳಿಸುತ್ತಲೇ ಇತ್ತು.

ಕುಳ್ಳಯ್ಯ ಬೇರೆ ಒಕ್ಕಲಿನವನು, ನಟರಾಜುವಿನ ಚಿಕ್ಕಂದಿನ ಜೊತೆಗಾರ. ಅವನು ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಎದ್ದ.

“ಸೂತಕ ನಿಮಗೆ ಕಣವ್ವ, ನಂಗಿಲ್ಲ. ನೀನು ಅವನ್ ತಾವ ಕೂತಿರು.”

ಸೊಪ್ಪಿನ ಬಣ್ಣ ಕೂರುವವರೆಗೆ ಆ ಒಲೆ ಬಿಟ್ಟು ಏಳುವಂತಿಲ್ಲ ಎಂಬುದು ಮೀನಾಗೆ ಗೊತ್ತಿತ್ತು. “ಮಣ್ಣಾಕಕ್ಕೆ ನೀನಿರಬೇಕಲ್ಲಣ್ಣ?”

“ಅವ್ನಿದ್ದಿದ್ರೆ ಬಯ್ಯೋನು, ಮಾತಾಡ್ತಾ ನಿಂತಿದ್ದೀಯಲ್ಲೋ, ಸೌದೆ ಇಕ್ಲಾ ಅಂತ.” ಕುಳ್ಳಯ್ಯ ತಿರುಗಿ ನೋಡದೆ ಹಿತ್ತಲಿಗೆ ನಡೆದ.

ಮಧ್ಯಾಹ್ನ ಮೂರಕ್ಕೆ ನಟರಾಜುವನ್ನು ಹೊಲದಲ್ಲಿ ಮಣ್ಣು ಮಾಡಿದರು. ಊರಿನವರೆಲ್ಲ ಹಿಡಿ ಮಣ್ಣು ಹಾಕಿದರು. ಕುಳ್ಳಯ್ಯ ಬರಲಿಲ್ಲ.